ಜೌಗಿನ ಆಚೆ ದಡದ ಹಕ್ಕಿ

ನಮ್ಮ ಕಾಲೇಜಿನ ಪರಿಚಯ ಪುಸ್ತಿಕೆಯಲ್ಲಿ ಪ್ರತಿ ವಿಭಾಗಕ್ಕೂ ‘ಅವಕಾಶಗಳು’ ಎಂಬ ಒಂದು ಪುಟವಿದೆ. ವಾಣಿಜ್ಯ ವಿಭಾಗದ ಪುಟದಲ್ಲಿ ಬ್ಯಾಂಕು, ವಿಮಾ ಕಂಪನಿಗಳ ಹೆಸರುಗಳು ಕಾಲಿಡಲು ಜಾಗವಿಲ್ಲದಂತೆ ತುಂಬಿಕೊಂಡಿವೆ. ಪರಿಸರ ಮಾನವಿಕ ವಿಭಾಗದ ಪುಟದಲ್ಲಿ ಒಂದು ಸೂರ್ಯೋದಯವಿದೆ. ಚಿತ್ರವನ್ನು ಧಾರಾಳವಾಗಿ ದೊಡ್ಡದು ಮಾಡಿದ್ದಾರೆ, ಏಕೆಂದರೆ ಕೆಳಗೆ ಬರೆಯುವುದಕ್ಕೆ ಹೆಚ್ಚೇನೂ ಸಿಕ್ಕಿರಲಿಲ್ಲ. ನಾನು ಅಲ್ಲಿನ ಗ್ರಂಥಪಾಲಕಿ. ಪುಸ್ತಿಕೆಗಳ ಕಟ್ಟು ನನ್ನ ಮೇಜಿನ ಮೇಲೇ ಧೂಳು ತಿನ್ನುತ್ತಿರುತ್ತದೆ.

ನನ್ನ ಅಕ್ಕನ ಮಗಳು ಆ ಸೂರ್ಯೋದಯವನ್ನು ನಂಬಿ ಸೇರಿಕೊಂಡಳು. ಮನೆಯಲ್ಲಿ ಅವಳನ್ನು ಮೊಂಡಿ ಎಂದೇ ಕರೆಯುತ್ತಾರೆ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಅದು ಅಂಕಪಟ್ಟಿಯ ಉಪಯೋಗಕ್ಕೆ ಮಾತ್ರ.

ಅವಳ ಅಪ್ಪನಿಗೆ, ಅಂದರೆ ನಮ್ಮ ಭಾವನಿಗೆ, ಶ್ರವಣಯಂತ್ರದ ಅಂಗಡಿಯಿದೆ. ಮುಂದೆ ಗಾಜಿನ ಕಪಾಟು, ಹಿಂದೆ ದಪ್ಪ ಗೋಡೆಯ ಒಂದು ಪುಟ್ಟ ಕೋಣೆ. ಗಿರಾಕಿಯನ್ನು ಆ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, ಶಬ್ದ ಕೇಳಿಸಿದಾಗ ಮಾತ್ರ ಒತ್ತಿ ಅನ್ನುತ್ತಾರೆ. ಜನ ಕೇಳಿಸದಿದ್ದಾಗಲೂ ಒತ್ತುತ್ತಾರೆ. ಅದೇ ಭಾವನ ಜೀವಮಾನದ ಗೋಳು. “ನಾನು ಶಬ್ದಾನೇ ಬಿಟ್ಟಿರಲ್ಲ, ಪುಣ್ಯಾತ್ಮ ಟಕ ಟಕ ಅಂತ ಒತ್ತುತ್ತಾ ಕೂತಿರ್ತಾನೆ. ಎಲ್ಲಿ ನನ್ನನ್ನ ಕಿವುಡ ಅಂದುಬಿಡ್ತಾರೋ ಅನ್ನೋ ಭಯ!” ಊಟಕ್ಕೆ ಕೂತಾಗ ಈ ಪುರಾಣ ಶುರುವಾದರೆ ಕೈ ಒಣಗುವ ತನಕ ಮುಗಿಯುವುದಿಲ್ಲ.

ತಾನು ಏನು ಓದುತ್ತೇನೆ ಎಂಬುದನ್ನು ಮೊಂಡಿ ಇಂಥದೇ ಒಂದು ಊಟದ ನಡುವೆ ವಿವರಿಸಿದಳು.

“ಹಕ್ಕಿಯ ಕೊಕ್ಕಿನ ಉದ್ದ ಅಳೆಯೋದು ವಿಜ್ಞಾನ, ಅಪ್ಪ. ಆ ಹಕ್ಕಿ ಹೋದ್ಮೇಲೆ ಜನರ ಮಾತಲ್ಲಿ, ಹಾಡಲ್ಲಿ, ನೆನಪಲ್ಲಿ ಏನೇನು ಖಾಲಿ ಆಯ್ತು ಅಂತ ಕೇಳಿಸಿಕೊಳ್ಳೋದು ನಮ್ಮ ವಿಷಯ.”

“ಖಾಲಿ ಆಗಿದ್ದನ್ನ ಕೇಳಿಸಿಕೊಳ್ಳೋದಕ್ಕೆ ಸಂಬಳ ಯಾರು ಕೊಡ್ತಾರಮ್ಮ?”

ಮೊಂಡಿ ತಟ್ಟೆ ಬಿಟ್ಟು ಎದ್ದಳು. ಅಕ್ಕ ನನ್ನ ಕಡೆ ನೋಡಿದಳು, ಸೂರ್ಯೋದಯದ ಚಿತ್ರವನ್ನು ನಾನೇ ಬಿಡಿಸಿದ್ದೆನೋ ಎಂಬಂತೆ. ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು. ಓದು ಮುಗಿಯುವುದರೊಳಗೆ ಆ ವಿಷಯದಲ್ಲೇ ಸಂಬಳದ ಕೆಲಸ ಸಿಕ್ಕರೆ ಅವಳ ದಾರಿ ಅವಳಿಗೆ. ಸಿಗದಿದ್ದರೆ ತುಟಿ ಪಿಟಕ್ಕೆನ್ನದೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕು.

ಓದಿನ ಕೊನೆಯ ವರ್ಷ ಅಂಥ ಕೆಲಸ ಒಂದೇ ಒಂದು ಬಂತು. ಬಸ್ ಡಿಪೋದ ಹಿಂದೆ ದೊಡ್ಡದೊಂದು ಜೌಗು ಇದೆ, ಆಳೆತ್ತರದ ಜೊಂಡು ಬೆಳೆದು ಈ ದಡದವರಿಗೆ ಆ ದಡ ಕಾಣುವುದಿಲ್ಲ. ಅದಕ್ಕೆ ಮಣ್ಣು ತುಂಬಿ ಬಸ್ಸು ನಿಲ್ಲಿಸುವ ಯೋಚನೆ ಡಿಪೋದವರದು. ಪ್ರಕೃತಿ ಸಂರಕ್ಷಣೆಯ ಪ್ರತಿಷ್ಠಾನವೊಂದು ಅಡ್ಡ ಬಂದು, ಜೌಗನ್ನು ನಾವು ನೋಡಿಕೊಳ್ಳುತ್ತೇವೆ ಎಂದಿತು. ಜೌಗಿನ ಬಗ್ಗೆ ಎಲ್ಲರಿಗಿಂತ ಒಳ್ಳೆಯ ಕೆಲಸ ಮಾಡಿದ ವಿದ್ಯಾರ್ಥಿಗೆ ಅಲ್ಲೇ ಮಾರ್ಗದರ್ಶಿಯ ಹುದ್ದೆ ಕೊಡುವುದಾಗಿಯೂ ಸಾರಿತು. ಅಷ್ಟೊಂದು ಜನರ ಕನಸಿಗೆ ಒಂದೇ ಒಂದು ಕುರ್ಚಿ. ಎರಡು ವಿಭಾಗದವರೂ ಅದರ ಹಿಂದೆ ಬಿದ್ದರು.

ಎರಡು ವಿಭಾಗ ಅಂದೆನಲ್ಲ, ಆ ಕಥೆಯನ್ನೂ ಹೇಳಬೇಕು. ನಮ್ಮಲ್ಲಿ ಮೊದಲು ‘ಪರಿಸರ ವಿಭಾಗ’ ಎಂದು ಒಂದೇ ಇತ್ತು. ಬಾಗಿಲಿಗೆ ಹೊಸ ಬೋರ್ಡು ಬರೆಸುವಾಗ ಯಾರ ಹೆಸರು ಮೇಲೆ ಬರಬೇಕು ಎಂದು ಇಬ್ಬರು ಮೇಷ್ಟ್ರುಗಳಿಗೆ ಜಗಳ ಹತ್ತಿತು. ಪರಿಣಾಮವಾಗಿ ನೆಲ ಅಂತಸ್ತಿನಲ್ಲಿ ಪರಿಸರ ಮಾನವಿಕ, ಮೇಲಿನ ಅಂತಸ್ತಿನಲ್ಲಿ ಸಂರಕ್ಷಣಾ ವಿಜ್ಞಾನ, ನಡುವಿನ ಅಂತಸ್ತಿನಲ್ಲಿ ನನ್ನ ಗ್ರಂಥಾಲಯ. ಕೆಳಗಿನ ಮೇಷ್ಟ್ರಿಗೆ ಏನು ಹೇಳಿದರೂ ರೂಪಕವಾಗಿ ಕೇಳಿಸುತ್ತದೆ. ಮೇಲಿನವರಿಗೆ ಗ್ರಾಫ್ ತೋರಿಸದೆ ಹೇಳಿದ್ದು ಕೇಳಿಸುವುದೇ ಇಲ್ಲ. ಆದ್ದರಿಂದ ನಾನು ಅವರನ್ನು ರೂಪಕದ ಮೇಷ್ಟ್ರು, ಗ್ರಾಫ್ ಮೇಷ್ಟ್ರು ಎಂದು ಕರೆಯುತ್ತೇನೆ. ಇಡೀ ಭೂಮಿಯ ಸಕಲ ಜೀವಿಗಳ ಸಂಬಂಧದ ಬಗ್ಗೆ ಪಾಠ ಮಾಡುವ ಈ ಇಬ್ಬರೂ ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುತ್ತಾರೆ, ಇನ್ನೊಬ್ಬರು ಗಡಿಯಾರ ನೋಡುತ್ತಾರೆ. ಅವರ ವಿದ್ಯಾರ್ಥಿಗಳೂ ಗುರುಗಳ ದಾರಿಯನ್ನೇ ಹಿಡಿದಿದ್ದರು.

ಜೌಗಿನಲ್ಲಿ ಹಿಂದೆ ಜೊಂಡುಹಕ್ಕಿ ಎಂಬುದೊಂದಿತ್ತು. ಕಣ್ಣಿಗೆ ಬೀಳುವುದು ಅಪರೂಪ, ಸಂಜೆ ಮಾತ್ರ ‘ಗುಂವ್, ಗುಂವ್’ ಎಂದು ಕೂಗುತ್ತಿತ್ತಂತೆ. ನನ್ನ ಅಮ್ಮ ಕೇಳಿದ್ದಳು, ನಾನು ಕೇಳಿಲ್ಲ. ಅದು ಯಾವಾಗ ನಿಂತಿತೆಂದು ಯಾರೂ ಗಮನಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ಬಸ್ಸುಗಳು ಬಂದಿದ್ದವು.

ಒಂದು ದಿನ ರೂಪಕದ ಮೇಷ್ಟ್ರು ಗ್ರಂಥಾಲಯಕ್ಕೆ ಬಂದು ನಮ್ಮ ಕುಡಿಯುವ ನೀರಿನ ಹೂಜಿಯನ್ನು ಕೇಳಿದರು. ಕಿರಿದಾದ ಬಾಯಿಯ ಮಣ್ಣಿನ ಹೂಜಿ. ಅದರ ಬಾಯಿಗೆ ಅಡ್ಡವಾಗಿ ಉಸಿರು ಊದಿದರೆ ಜೊಂಡುಹಕ್ಕಿಯ ಕೂಗೇ ಬರುತ್ತದೆಯಂತೆ.

“ಹೋದವರನ್ನ ಹೆಸರು ಹಿಡಿದು ಕರೀಬೇಕು ಮೇಡಂ. ಕರೆಯೋದನ್ನ ಬಿಟ್ಟ ದಿನಾನೇ ಅವರು ನಿಜವಾಗಿ ಸಾಯೋದು. ನನ್ನ ಮಕ್ಕಳು ದಿನಾ ಸಂಜೆ ಆ ಹಕ್ಕೀನ ಕರೀತಾರೆ.”

“ಕರೀಲಿ ಸರ್. ನೀರು ಎಲ್ಲಿಂದ ಕುಡಿಯೋದು?” ಎಂದೆ. ಅವರು ಅದನ್ನೂ ರೂಪಕ ಎಂದುಕೊಂಡು ಮೆಚ್ಚುಗೆಯಿಂದ ತಲೆಯಾಡಿಸಿ ಹೂಜಿ ಎತ್ತಿಕೊಂಡು ಹೋದರು.

ಅದಾದ ಕೆಲವೇ ದಿನಕ್ಕೆ ಮೇಲಿನ ಅಂತಸ್ತಿನವರು ಬಂದು ಗ್ರಂಥಾಲಯದ ಸ್ಪೀಕರ್ ಒಯ್ದರು. ಕಾರಣ ಕೇಳಿದ್ದಕ್ಕೆ “ಫೀಲ್ಡ್ ವರ್ಕ್” ಎಂದರು. ಹಕ್ಕಿ ಹುಡುಕುವವರಲ್ಲಿ ಒಂದು ಪದ್ಧತಿಯಿದೆ, ಧ್ವನಿಮುದ್ರಿತ ಕೂಗನ್ನು ಹಾಕಿ ಉತ್ತರಕ್ಕಾಗಿ ಕಾಯುವುದು. ಹಕ್ಕಿ ಇದ್ದರೆ, ಯಾವನೋ ನನ್ನ ಜಾಗಕ್ಕೆ ಬಂದ ಎಂದು ಸಿಟ್ಟಾಗಿ ತಿರುಗಿ ಕೂಗುತ್ತದೆ. ಇದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಹೂಜಿಯೂ ನನ್ನದೇ, ಸ್ಪೀಕರೂ ನನ್ನದೇ. ಎರಡನ್ನೂ ಒಂದೇ ಕೈಯಿಂದ ಎತ್ತಿಕೊಟ್ಟು ನಾನು ಕನ್ನಡಕ ಒರೆಸಿಕೊಂಡು ಕೂತಿದ್ದೆ.

ಒಂದು ಸಂಜೆ ಮೊಂಡಿ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ನಮ್ಮ ಮನೆಗೆ ಓಡಿ ಬಂದಳು. ಚಪ್ಪಲಿ ಬಿಡುವ ವ್ಯವಧಾನವೂ ಇರಲಿಲ್ಲ.

“ಚಿಕ್ಕಮ್ಮ! ಉತ್ತರ ಬಂತು!”

“ಯಾರದೇ?”

“ಹಕ್ಕೀದು! ನಾನು ಹೂಜಿ ಊದ್ತಿದ್ದೆ, ಆಚೆ ದಡದಿಂದ ಕೂಗ್ತು. ರೆಕಾರ್ಡ್ ಮಾಡಿದೀನಿ. ನಾವು ಕರೆದಿದ್ದಕ್ಕೆ ಬಂತು ಚಿಕ್ಕಮ್ಮ, ಕರೆದಿದ್ದಕ್ಕೇ ಬಂತು!”

ಹಾಗೆಂದವಳು ಅಳತೊಡಗಿದಳು. ನನ್ನ ಮೂಗಿನ ತುದಿಯಲ್ಲಿ ಸದಾ ಕೋಪ ಕೂತಿರುತ್ತದೆ ಅನ್ನುತ್ತಾರೆ, ಆ ಹೊತ್ತಿನಲ್ಲಿ ಅದೂ ಎದ್ದು ಹೋಗಿತ್ತು. ನೆಲದ ಕೆಸರಿನ ಬಗ್ಗೆ ಒಂದು ಮಾತೂ ಆಡದೆ ಅವಳನ್ನು ಅಪ್ಪಿಕೊಂಡೆ. ನನಗೂ ಮೈ ಜುಮ್ಮೆಂದಿತ್ತು, ಸುಳ್ಳು ಹೇಳುವುದಿಲ್ಲ.

ಅದೇ ವಾರ ಗ್ರಾಫ್ ಮೇಷ್ಟ್ರು ಮೇಲಿನ ಅಂತಸ್ತಿನಲ್ಲಿ ಎಲ್ಲರಿಗೂ ಸಿಹಿ ಹಂಚಿದರು. ಅವರಿಗೂ ಹಕ್ಕಿಯ ಉತ್ತರ ಸಿಕ್ಕಿತ್ತು. ಕೂಗಿನ ಅಲೆಯನ್ನು ಕಂಪ್ಯೂಟರಿಗೆ ಹಾಕಿ ಅಳೆದು, ಪೂರ್ವ ದಡದಲ್ಲಿ ಆರೋಗ್ಯವಂತ ವಯಸ್ಕ ಗಂಡುಹಕ್ಕಿಯೊಂದು ನೆಲೆಸಿದೆ ಎಂದು ಘೋಷಿಸಿದರು. ಪಶ್ಚಿಮ ದಡದಲ್ಲಿ ಹಕ್ಕಿಯಿದೆ ಎಂದು ಕೆಳಗಿನವರು ಘೋಷಿಸಿದ್ದರು. ಪತ್ರಿಕೆಯವರು ಎರಡನ್ನೂ ಕೂಡಿಸಿ, ಜೌಗಿನಲ್ಲಿ ಒಂದು ಜೋಡಿ ಇದೆ ಎಂದು ಬರೆದುಬಿಟ್ಟರು. ಪ್ರತಿಷ್ಠಾನದವರಿಗೆ ಹಿಡಿಸಲಾರದಷ್ಟು ಸಂತೋಷ. ಒಬ್ಬರ ಮುಖ ಇನ್ನೊಬ್ಬರು ನೋಡದ ಎರಡು ವಿಭಾಗಗಳು ಬೇರೆ ಬೇರೆಯಾಗಿ ಹೇಳುತ್ತಿವೆ ಅಂದಮೇಲೆ ಇದಕ್ಕಿಂತ ಗಟ್ಟಿ ಪುರಾವೆ ಇನ್ನೇನು ಬೇಕು? ಡಿಪೋದವರು ಮಣ್ಣಿನ ಲಾರಿಗಳನ್ನು ವಾಪಸು ಕಳಿಸಿದರು. ಮೊದಲು ಉತ್ತರ ಕೇಳಿಸಿಕೊಂಡವಳೆಂದು ಹುದ್ದೆಗೆ ಮೊಂಡಿಯ ಹೆಸರು ಎಲ್ಲರ ಬಾಯಲ್ಲಿತ್ತು, ಉಳಿದದ್ದು ಪ್ರತಿಷ್ಠಾನದ ಮುಂದೆ ಒಂದು ಭಾಷಣ ಮಾತ್ರ. ಭಾವ ಮುಖ ಊದಿಸಿಕೊಂಡಿದ್ದರೂ ಗಲ್ಲಾಪೆಟ್ಟಿಗೆಗೆ ಬೇರೆ ಜನ ಹುಡುಕಲು ಶುರುಮಾಡಿದ್ದರು.

ಭಾಷಣದ ಹಿಂದಿನ ದಿನ ಮಧ್ಯಾಹ್ನ ಮೊಂಡಿ ತನ್ನ ರೆಕಾರ್ಡಿಂಗನ್ನು ಚೊಕ್ಕವಾಗಿ ಕೇಳೋಣವೆಂದು ಅಪ್ಪನ ಅಂಗಡಿಗೆ ಹೋದಳು. ಆ ದಪ್ಪ ಗೋಡೆಯ ಕೋಣೆಯಲ್ಲಿ ಕೂತರೆ ಇರುವೆ ನಡೆದರೂ ಕೇಳಿಸುತ್ತದೆ ಎಂದು ಭಾವ ಜಂಬ ಕೊಚ್ಚುವುದುಂಟು. ಭಾವನ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮೊಂಡಿ ಬಾಗಿಲೆಳೆದುಕೊಂಡಳು. ಪ್ರತಿ ಕೂಗಿಗೂ ಮೊದಲು ‘ಟಿಕ್’ ಎಂಬ ಸಣ್ಣ ಸದ್ದು ಇತ್ತು. ಹಕ್ಕಿಗೆ ಗಂಟಲಲ್ಲಿ ಏನೋ ಇರಬೇಕು ಎಂದುಕೊಂಡಳು. ಕೊನೆಯ ಕೂಗಿನ ನಂತರ, ಜೊಂಡಿನ ಆಚೆಯಿಂದ, ಕ್ಷೀಣವಾಗಿ, ಆದರೆ ಸ್ಪಷ್ಟವಾಗಿ ಒಂದು ಗಂಡು ದನಿ ಬಂತು: “ಸಾಕು, ಆಫ್ ಮಾಡೋ. ಹೊಟ್ಟೆ ಹಸೀತಿದೆ.” ಆಮೇಲೆ ಹಕ್ಕಿ ಕೂಗಲಿಲ್ಲ.

ಅವಳು ಸೀದಾ ನನ್ನ ಹತ್ತಿರ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಅವಳು ಹೇಳುತ್ತಾ ಹೋದಂತೆ ನನ್ನ ಕಣ್ಣ ಮುಂದೆ ಮೊದಲು ಹೂಜಿ ಬಂತು, ಆಮೇಲೆ ಸ್ಪೀಕರ್ ಬಂತು. ಅಲ್ಲಿಯೇ ಮೇಜಿಗೆ ತಲೆಯಿಟ್ಟು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ತಲೆಯೆತ್ತಿದಾಗ ಅವಳು ನಗುತ್ತಿರಲಿಲ್ಲ.

“ಹಕ್ಕಿ ಇಲ್ಲ ಚಿಕ್ಕಮ್ಮ. ಅದು ಬಂದೇ ಇಲ್ಲ.”

ಆಗ ನನ್ನ ನಗು ನಿಂತಿತು.

“ಯಾರಿಗೂ ಹೇಳ್ಬೇಡ ಕಣೇ,” ಎಂದೆ. “ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ, ಜೌಗಿಗೆ ಮಣ್ಣು ಬೀಳುತ್ತೆ. ಬಾಯಿಗೆ ಬೀಗ ಹಾಕ್ಕೊಂಡು ಇದ್ರೆ ಎರಡೂ ಉಳಿಯುತ್ತೆ.”

“ಹಕ್ಕಿ ಹೋಗಿದೆ ಅನ್ನೋದನ್ನ ಕೇಳಿಸಿಕೊಳ್ಳೋದೇ ನಮ್ಮ ವಿಷಯ ಅಂತ ಅಪ್ಪನ ಹತ್ರ ಜಗಳ ಆಡಿದ್ದೆ. ಈಗ ಇದೆ ಅಂತ ಸುಳ್ಳು ಹೇಳಿ ಸಂಬಳ ತಗೊಳ್ಳಲಾ?”

ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಹೆಸರು ಸುಮ್ಮನೆ ಬಂದದ್ದಲ್ಲ.

ಮೊದಲು ಮೇಲಿನ ಅಂತಸ್ತಿಗೆ ಹೋದಳು, ಜೊತೆಗೆ ನಾನೂ ಹೋದೆ. ಗ್ರಾಫ್ ಮೇಷ್ಟ್ರು ಸಮಾಧಾನದಿಂದ ಕೇಳಿದರು.

“ನಮ್ಮ ಸ್ಪೀಕರ್ ಕೂಗು ನಿಮ್ಮ ರೆಕಾರ್ಡಿಂಗಲ್ಲಿ ಬಂದಿರಬಹುದು. ಒಪ್ಕೋತೀನಿ. ನಿಮ್ಮ ವಿಭಾಗದ ಮಟ್ಟವೇ ಅಷ್ಟು. ಆದ್ರೆ ನಮಗೆ ಬಂದ ಉತ್ತರ ಅಸಲಿ.”

“ಅದು ನಾನು ಸರ್. ಹೂಜಿ ಊದಿದ್ದು.”

ಮೇಷ್ಟ್ರು ಗ್ರಾಫನ್ನು ನೋಡಿದರು, ಮೊಂಡಿಯನ್ನು ನೋಡಿದರು, ಮತ್ತೆ ಗ್ರಾಫನ್ನು ನೋಡಿದರು. “ನೋಡಮ್ಮ, ಇಲ್ಲಿ ಸ್ಪಷ್ಟವಾಗಿದೆ. ಆರೋಗ್ಯವಂತ ವಯಸ್ಕ ಗಂಡು. ನೀನು ಅಲ್ಲ,” ಎಂದರು.

ಕೆಳಗಿನ ಅಂತಸ್ತಿನಲ್ಲಿ ರೂಪಕದ ಮೇಷ್ಟ್ರು ಪೂರ್ತಿ ಕೇಳಿ ಕಣ್ಣು ಮುಚ್ಚಿದರು. ಬೈಯುತ್ತಾರೆ ಎಂದು ನಾನು ಸೆರಗು ಬಿಗಿ ಮಾಡಿಕೊಂಡೆ.

“ಅದ್ಭುತ,” ಎಂದರು. “ಎರಡು ಖಾಲಿ ದನಿಗಳು, ಇಲ್ಲದ ಹಕ್ಕಿಯ ಹೆಸರಲ್ಲಿ, ಒಂದನ್ನೊಂದು ಕರೆಯೋದು. ಇದನ್ನೇ ಹೇಳಮ್ಮ ನಾಳೆ. ಹೀಗೇ ಹೇಳು.”

“ಸರ್, ಇದು ನಿಜವಾಗಿ ನಡೆದಿದ್ದು.”

“ಎಲ್ಲ ದೊಡ್ಡ ರೂಪಕಗಳೂ ನಡೆದಿರೋದೇ!”

ಮರುದಿನ ಸಭಾಂಗಣ ತುಂಬಿತ್ತು. ಅಕ್ಕ ಮತ್ತು ಭಾವ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮೊಂಡಿ ಒಂದು ಕೈಯಲ್ಲಿ ಹೂಜಿ, ಇನ್ನೊಂದರಲ್ಲಿ ಸ್ಪೀಕರ್ ಹಿಡಿದು ವೇದಿಕೆ ಹತ್ತಿದಳು. ಸುತ್ತಿ ಬಳಸದೆ ಹೇಳಿದಳು. ಹಕ್ಕಿ ಇಲ್ಲ, ನಾವು ಅವರನ್ನು ಹಕ್ಕಿ ಎಂದುಕೊಂಡೆವು, ಅವರು ನಮ್ಮನ್ನು ಹಕ್ಕಿ ಎಂದುಕೊಂಡರು. ಸ್ಪೀಕರ್ ಹಾಕಿ ತೋರಿಸಿದಳು, ಹೂಜಿ ಊದಿ ತೋರಿಸಿದಳು. “ಆದರೂ ಜೌಗಿಗೆ ಮಣ್ಣು ಹಾಕಬೇಡಿ. ಹಕ್ಕಿ ಇಲ್ಲದ ಜೌಗೂ ಜೌಗೇ. ನನಗೆ ಕೆಲಸ ಕೊಡದಿದ್ದರೆ ಪರವಾಗಿಲ್ಲ,” ಎಂದಳು. ನನಗೆ ಹೆಮ್ಮೆಯೇನೋ ಆಯಿತು, ಆದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮೊಂಡಿ ನನ್ನ ಕಣ್ಣಿಗೆ ಕಟ್ಟಿದಂತೆ ಕಂಡಳು.

ಪ್ರತಿಷ್ಠಾನದ ಅಧ್ಯಕ್ಷೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ಸಭೆ ಎದ್ದಿತು. ಅಧ್ಯಕ್ಷೆ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ನಮ್ಮೆಲ್ಲರೊಳಗಿನ ಶೂನ್ಯವನ್ನು ಈ ಹುಡುಗಿ ಹೂಜಿಯಲ್ಲಿ ತುಂಬಿ ಕೊಟ್ಟಳು ಎಂದರು. ಗ್ರಾಫ್ ಮೇಷ್ಟ್ರಿಗೂ ಬೇಸರವಿರಲಿಲ್ಲ. ಮಾನವಿಕದವರ ಭಾಷಣ ಪುರಾವೆಯಲ್ಲ, ಆದ್ದರಿಂದ ಅವರ ಗಂಡುಹಕ್ಕಿ ಹಾಗೆಯೇ ಕ್ಷೇಮವಾಗಿತ್ತು. ಹುದ್ದೆ ಮೊಂಡಿಗೆ ಸಿಕ್ಕಿತು. ಅವಳು ಹೂಜಿ ಹಿಡಿದು ವೇದಿಕೆಯ ಮೇಲೆ ನಿಂತೇ ಇದ್ದಳು. ಕಿವಿ ಕೇಳದವರನ್ನು ಕರೆತಂದು, ಕೂಗಿ ಕೂಗಿ ಹೇಳಿದರೂ ಕೇಳಿಸಲಾಗದೆ ಸೋತವರ ಮುಖ ಹೇಗಿರುತ್ತದೆಂದು ಭಾವನ ಅಂಗಡಿಯಲ್ಲಿ ನೋಡಿದ್ದೆ. ಅವತ್ತು ನಮ್ಮ ಹುಡುಗಿಯ ಮುಖ ಹಾಗಿತ್ತು.

ಕೆಲಸಕ್ಕೆ ಸೇರುವ ಮುನ್ನ ಅವಳು ಒಂದೇ ಒಂದು ಷರತ್ತು ಹಾಕಿದಳು, ಜೌಗಿನ ಹತ್ತಿರ ಇನ್ನು ಮೇಲೆ ಸ್ಪೀಕರೂ ಬೇಡ, ಹೂಜಿಯೂ ಬೇಡ. ಅಧ್ಯಕ್ಷೆ ಸಂತೋಷದಿಂದ ಒಪ್ಪಿದರು, ಅವರಿಗೆ ಅದೂ ಅರ್ಥಗರ್ಭಿತವಾಗಿ ಕಂಡಿತು. ಮೊಂಡಿ ಎರಡನ್ನೂ ತಂದು ನನ್ನ ಮೇಜಿನ ಮೇಲಿಟ್ಟಳು. ಹೂಜಿಯ ಬಾಯಿ ಒಂದು ಕಡೆ ಚೂರು ಮುರಿದಿತ್ತು. ಬೇರೆಯವರಾಗಿದ್ದರೆ ದಂಡ ಹಾಕುತ್ತಿದ್ದೆ.

ಜೌಗಿನ ದಡದಲ್ಲಿ ಮರದ ಅಟ್ಟಣೆ ಎದ್ದಿತು, ಬೆಂಚುಗಳು ಬಂದವು, ‘ಹಕ್ಕಿ ಮರಳಿ ಬಂದಿದೆ’ ಎಂಬ ಫಲಕವೂ ಬಂತು. ಅದನ್ನು ತೆಗೆಸಲು ಮೊಂಡಿ ಅರ್ಜಿಯ ಮೇಲೆ ಅರ್ಜಿ ಹಾಕಿದಳು. ಪ್ರತಿಷ್ಠಾನದವರು ಫಲಕದ ಬಣ್ಣ ಬದಲಾಯಿಸಿಕೊಟ್ಟರು.

ಸಾರ್ವಜನಿಕರಿಗೆ ತೆರೆದ ಮೊದಲ ಸಂಜೆ ಅಕ್ಕ, ಭಾವ, ನಾನು ಮೂವರೂ ಹೋದೆವು. ಜನ ಚೆನ್ನಾಗಿಯೇ ಸೇರಿದ್ದರು. ಅಧ್ಯಕ್ಷೆ ಮುಂದಿನ ಬೆಂಚಿನಲ್ಲಿ, ಇಬ್ಬರು ಮೇಷ್ಟ್ರುಗಳು ಎರಡು ತುದಿಯಲ್ಲಿ. ಮೊಂಡಿ ಎಲ್ಲರ ಎದುರು ನಿಂತು, “ಇಲ್ಲಿ ಒಂದು ಹಕ್ಕಿ ಇತ್ತು. ಅದು ಕೂಗುತ್ತಿದ್ದ ಹೊತ್ತು ಇದೇ. ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳೋಣ,” ಎಂದಳು.

ಕೂತೆವು. ಬೆಳಕು ಜೊಂಡಿನ ತುದಿಯಿಂದ ಇಳಿದು ಹೋಯಿತು. ಡಿಪೋದ ಬಸ್ಸುಗಳೂ ಅವತ್ತು ಮರ್ಯಾದೆಯಿಂದ ಸುಮ್ಮನಿದ್ದವು.

“ಕೇಳಿಸ್ತು!” ಎಂದು ಅಧ್ಯಕ್ಷೆ ಪಿಸುಗುಟ್ಟಿದರು.

“ಹೌದು, ಅಲ್ಲಿಂದ,” ಎಂದು ಅವರ ಪಕ್ಕದವರು ಕೈ ತೋರಿಸಿದರು. ಹಿಂದಿನ ಬೆಂಚಿನವರು ಇನ್ನೊಂದು ದಿಕ್ಕಿಗೆ ಕೈ ತೋರಿಸಿದರು. ಗ್ರಾಫ್ ಮೇಷ್ಟ್ರು ಗಂಡು ಎಂದರು. ರೂಪಕದ ಮೇಷ್ಟ್ರು ತಲೆದೂಗಿದರು. ವಿಭಾಗ ಒಡೆದ ಮೇಲೆ ಮೊದಲ ಸಲ ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡೆ. ಅಕ್ಕ ನನ್ನ ತೋಳು ಹಿಸುಕಿ, “ಕೇಳಿಸ್ತಲ್ವೇನೇ? ಗುಂವ್ ಅಂತು! ಪಾಪ, ಮಗು ಎಷ್ಟು ಕಷ್ಟಪಟ್ಟಿದೆ,” ಎಂದಳು. ನನಗೂ ಏನೋ ಕೇಳಿಸಿತೆಂದು ಹೇಳಿಬಿಡಬೇಕು ಅನ್ನಿಸಿತು. ಆ ಹುಡುಗಿಯ ಮೇಲಿನ ಪ್ರೀತಿಗೆ ಅಷ್ಟೂ ಮಾಡದಿದ್ದರೆ ಹೇಗೆ ಅನ್ನಿಸಿತು. ಮೊಂಡಿ ಮಾತ್ರ ಒಬ್ಬೊಬ್ಬರ ಮುಖವನ್ನೇ ಹುಡುಕುತ್ತಾ ಬಂದು, ಕೊನೆಗೆ ನಮ್ಮ ಬೆಂಚಿನ ಮುಂದೆ ನಿಂತಳು.

ಭಾವ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿತ್ತು, ಕತ್ತು ಒಂದಿಷ್ಟು ವಾಲಿತ್ತು. ನಿದ್ದೆ ಹೋದರೇನೋ ಅಂದುಕೊಂಡೆ.

“ಅಪ್ಪ?”

ಅವರು ಕಣ್ಣು ತೆರೆದರು. “ಕಪ್ಪೆ ಇದೆ. ನೀರು ಎಲ್ಲೋ ಸೋರ್ತಾ ಇದೆ. ಯಾರದೋ ಹೊಟ್ಟೆ ಗುರುಗುಡ್ತಿದೆ,” ಎಂದು ಕನ್ನಡಕ ಹಾಕಿಕೊಂಡರು. “ಹಕ್ಕಿ ಇಲ್ಲ ಮಗಳೇ.”

“ಸರಿಯಾಗಿ ಕೇಳಿದ್ರಾ?”

“ಕೇಳ್ದೆ. ಎಲ್ಲರಿಗೂ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಆದ್ರೆ ಅಲ್ಲಿ ಏನೂ ಇಲ್ಲ. ಪೂರ್ತಿ ಖಾಲಿ.”

ಮೊಂಡಿ ಅಲ್ಲೇ, ಅಷ್ಟು ಜನರ ಮುಂದೆ, ಅಪ್ಪನ ಭುಜಕ್ಕೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಹಕ್ಕಿಗಾಗಿ ಅವಳು ಮನಸಾರೆ ಅತ್ತದ್ದು ಅದೇ ಮೊದಲು, ಅಲ್ಲಿಯವರೆಗೆ ಜೊತೆಗೆ ಅಳುವವರು ಅವಳಿಗೆ ಸಿಕ್ಕಿರಲಿಲ್ಲ. ಭಾವ ಗಾಬರಿಯಾಗಿ ಅವಳ ಬೆನ್ನು ಸವರುತ್ತಾ, “ನಾನೇನು ತಪ್ಪು ಹೇಳ್ದೆ?” ಎಂದು ಕಣ್ಣಲ್ಲೇ ನನ್ನನ್ನು ಕೇಳಿದರು. ಅವರ ಕಣ್ಣಲ್ಲೂ ನೀರಿತ್ತು.

ಅಕ್ಕ ನನ್ನ ಕಿವಿಯ ಹತ್ತಿರ ಬಾಗಿದಳು. “ನೋಡ್ದ್ಯಾ? ಇವರಿಗೆ ಕಿವಿ ಮಂದ ಆಗ್ತಾ ಇದೆ ಅಂತ ನಾನು ಯಾವತ್ತಿಂದ ಹೇಳ್ತಾ ಇದೀನಿ,” ಎಂದಳು.